ಚಮಚದಲ್ಲಿ ತಿನ್ನುವ ಶಾವಿಗೆ

“ಇದೇನೋ ತಮ್ಮಾ, ಶಾವಿಗಿ ಅಂಬಲಿ ಮಾಡಿ ಇಟ್ಟಾರಲ್ಲ!”

ತೈವಾನಿನ ಶಿಂಚು ಊರಿನಲ್ಲಿ, ನಗರದೇವರ ಗುಡಿಯ ಅಂಗಳದಲ್ಲಿ, ಸೊಂಟದೆತ್ತರಕ್ಕಿದ್ದ ಒಂದು ಕೊಳಗದ ಮುಂದೆ ನಿಂತು ಅವ್ವ ಹೇಳಿದ ಮಾತಿದು. ಅವಳು ಬಂದು ಆಗಿನ್ನೂ ನಾಲ್ಕು ದಿನ. ಗುಡಿ 1748ರದ್ದು. ಊರಿನವರ ಪಾಪಪುಣ್ಯದ ಲೆಕ್ಕ ಇಡುವ ದೇವರು ಅದು, ಒಂಥರಾ ದೇವಲೋಕದ ತಹಶೀಲ್ದಾರ. ಅವನ ಅಂಗಳವನ್ನು ತಿಂಡಿ ಅಂಗಡಿಗಳು ಎಷ್ಟು ಒತ್ತುವರಿ ಮಾಡಿಕೊಂಡಿವೆ ಅಂದರೆ ಕೈ ಮುಗಿಯಲು ಹೋಗುವವರು ಎಣ್ಣೆ ಹೊಗೆ ದಾಟಿಕೊಂಡೇ ಹೋಗಬೇಕು. ಅವ್ವನಿಗೆ ಅದು ಹಿಡಿಸಿತು. “ಜಾತ್ರಿ ಇದ್ದಂಗ ಅದ” ಅಂದಳು.

ನಾನು ಆರು ವರ್ಷದಿಂದ ಅಂಥ ಕೊಳಗದ್ದನ್ನು ತಿನ್ನುತ್ತಿದ್ದೇನೆ. ಊರಿನ ಕಡೆಯವರು ಯಾರಾದರೂ ಕೇಳಿದರೆ “ಸಿಂಪಿ ಹಾಕಿದ ನೂಡಲ್ಸ್ ಸೂಪು” ಅಂತ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ಸೂಪೂ ಅಲ್ಲ, ನಮ್ಮವರು ಅಂದುಕೊಳ್ಳುವ ನೂಡಲ್ಸೂ ಅಲ್ಲ. ಚಾಪ್‌ಸ್ಟಿಕ್ ಇಲ್ಲದೆ ಊಟಕ್ಕೆ ಕೂರದ ಈ ದೇಶದಲ್ಲಿ ಇದನ್ನು ಮಾತ್ರ ಚಮಚದಲ್ಲೇ ತಿನ್ನುತ್ತಾರೆ. ಎಳೆಗಳು ಒಂದೆರಡು ಇಂಚಿಗಿಂತ ಉದ್ದ ಇರುವುದಿಲ್ಲ, ಕಂದು ಬಣ್ಣದ ಗಟ್ಟಿ ಗಂಜಿಯಲ್ಲಿ ತೇಲುತ್ತಲೂ ಇರುವುದಿಲ್ಲ, ಮುಳುಗಿಯೂ ಇರುವುದಿಲ್ಲ. ಶಾವಿಗಿ ಅಂಬಲಿ ಅನ್ನುವುದಕ್ಕಿಂತ ಸರಿಯಾದ ಹೆಸರು ನನಗೆ ಆರು ವರ್ಷದಲ್ಲಿ ಹೊಳೆದಿರಲಿಲ್ಲ.

ಇಲ್ಲಿನವರು ಕರೆಯುವುದು ‘ಓ-ಆ ಮೀ-ಸ್ವಾ’. ಓ-ಆ ಅಂದರೆ ಸಿಂಪಿಯ ಹುಳ. ಅದೇ, ಕಾರವಾರ-ಗೋವೆ ಕಡೆಯವರು ಕಲ್ವ ಅನ್ನುವುದು. ಮೀ-ಸ್ವಾ ಅಂದರೆ ಹಿಟ್ಟಿನ ದಾರ. ಇದು ತೈವಾನೀಸ್ ಮಾತು, ಚೀನಾದ ಫುಜಿಯನ್ ಕರಾವಳಿಯಿಂದ ಸಮುದ್ರ ದಾಟಿ ಬಂದವರ ಭಾಷೆ. ಶಾಲೆ, ಕಚೇರಿ, ಟಿವಿಯಲ್ಲಿ ನಡೆಯುವುದು ಮ್ಯಾಂಡರಿನ್. 1987ರವರೆಗೆ ಸೇನಾಡಳಿತ ಇದ್ದ ಕಾಲದಲ್ಲಿ ಶಾಲೆಯಲ್ಲಿ ತೈವಾನೀಸ್ ಆಡಿದ ಮಕ್ಕಳಿಗೆ ದಂಡ ಹಾಕುತ್ತಿದ್ದರು, ಕೊರಳಿಗೆ ಹಲಗೆ ತೂಗುಹಾಕುತ್ತಿದ್ದರು. ನನ್ನ ಜೊತೆ ಕೆಲಸ ಮಾಡುವ ಹುಡುಗ ಹುಡುಗಿಯರಲ್ಲಿ ಅರ್ಧ ಜನಕ್ಕೆ ಅಜ್ಜಿಯ ಭಾಷೆ ಸರಿಯಾಗಿ ಬರುವುದಿಲ್ಲ. ಆದರೆ ಈ ತಿಂಡಿಯ ಹೆಸರು ಹೇಳುವಾಗ ಮಾತ್ರ ಎಲ್ಲರ ಬಾಯಲ್ಲೂ ‘ಓ-ಆ’ ಅಂತಲೇ ಬರುತ್ತದೆ. ಮ್ಯಾಂಡರಿನ್ನಿನಲ್ಲಿ ಸಿಂಪಿಗೆ ಬೇರೆ ಪದ ಇದೆ. ಅದನ್ನು ಬಳಸಿ ಕೇಳಿದರೆ ಅಂಗಡಿಯವಳಿಗೆ ಅರ್ಥವೇನೋ ಆಗುತ್ತದೆ, ನಗುತ್ತಾಳೆ ಅಷ್ಟೆ. ನಾನು ಮೊದಲ ದಿನ ಹಾಗೇ ಕೇಳಿದ್ದೆ.

ನಾನು ಹೋಗುವ ಅಂಗಡಿ ಗುಡಿಯ ಹತ್ತಿರದ್ದಲ್ಲ, ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸಂತೆಯ ಬಾಯಿಗೆ ಇರುವ ತಳ್ಳುಗಾಡಿ. ಅದನ್ನು ನಡೆಸುವಾಕೆಯನ್ನು ಎಲ್ಲರೂ ‘ಲಾವ್‌ಬಾನ್‌ನ್ಯಾಂಗ್’ ಅನ್ನುತ್ತಾರೆ, ಅಂಗಡಿ ಯಜಮಾನಿ ಅಂತ ಅರ್ಥ. ಆಕೆ ಕೇಳುವುದು ಮೂರೇ ಪ್ರಶ್ನೆ. ದೊಡ್ಡದೋ ಸಣ್ಣದೋ, ಕೊತ್ತಂಬರಿ ಬೇಕೋ ಬೇಡವೋ, ಖಾರ? ಸಣ್ಣ ಬಟ್ಟಲಿಗೆ 60 ತೈವಾನ್ ಡಾಲರ್, ನಮ್ಮ ಲೆಕ್ಕದಲ್ಲಿ ನೂರಾ ಅರವತ್ತು-ಎಪ್ಪತ್ತು ರೂಪಾಯಿ. ಕಾಗದದ ಬಟ್ಟಲಿಗೆ ಸೌಟಿನಿಂದ ಸುರಿದು, ಪಕ್ಕದ ಪುಟ್ಟ ಪಾತ್ರೆಯಿಂದ ನಾಲ್ಕೋ ಐದೋ ಸಿಂಪಿ ಎತ್ತಿ ಮೇಲಿಟ್ಟು, ಅರೆದ ಬೆಳ್ಳುಳ್ಳಿ ಒಂದು ಚಮಚ, ಕಪ್ಪು ಹುಳಿ ಒಂದು ಸುತ್ತು, ಕೊತ್ತಂಬರಿ ಒಂದು ಚಿಟಿಕೆ. ಕಪ್ಪು ಹುಳಿ ಅಂದರೆ ಅಕ್ಕಿಯ ವಿನೆಗರಿಗೆ ಕ್ಯಾರೆಟ್ಟು, ಈರುಳ್ಳಿ ಇತ್ಯಾದಿಗಳ ರಸ ಸೇರಿಸಿ ಮಾಡಿದ್ದು. ಹುಳಿಯ ಹಿಂದೆ ಸಣ್ಣ ಸಿಹಿ ಇರುತ್ತದೆ. ಅದಿಲ್ಲದಿದ್ದರೆ ಈ ಅಂಬಲಿ ನಾಲಿಗೆ ಮೇಲೆ ಸುಮ್ಮನೆ ಮಲಗಿಬಿಡುತ್ತದೆ.

ಸಿಂಪಿಯನ್ನು ಕೊಳಗದಲ್ಲೇ ಯಾಕೆ ಹಾಕುವುದಿಲ್ಲ ಅಂತ ಒಮ್ಮೆ ಕೇಳಿದ್ದೆ. ಆಕೆ ಉತ್ತರ ಕೊಡದೆ ಒಂದು ಸಿಂಪಿಯನ್ನು ಕೊಳಗಕ್ಕೆ ಬಿಟ್ಟು, ಗಿರಾಕಿಗಳನ್ನು ಕಳಿಸಿ, ಹತ್ತು ನಿಮಿಷದ ಮೇಲೆ ಹುಡುಕಿ ತೆಗೆದು ತೋರಿಸಿದಳು. ಹೆಬ್ಬೆರಳಿನ ತುದಿಯಷ್ಟಿದ್ದದ್ದು ಒಣದ್ರಾಕ್ಷಿಯಷ್ಟಾಗಿತ್ತು. ಹಾಗಾಗಿ ಸಿಂಪಿಗೆ ಗೆಣಸಿನ ಹಿಟ್ಟು ಸವರಿ, ಕುದಿಯುವ ನೀರಿನಲ್ಲಿ ಒಂದೇ ಒಂದು ಮುಳುಗು ಹಾಕಿಸಿ, ಬೇರೆಯೇ ಇಟ್ಟಿರುತ್ತಾರೆ. ಹಿಟ್ಟು ಒಂದು ತೆಳು ಪೊರೆಯಾಗಿ ರಸ ಹಿಡಿದಿಟ್ಟುಕೊಳ್ಳುತ್ತದೆ. ಕೊಳಗದ ಗಂಜಿಗೆ ಮಂದ ಕೊಡುವುದೂ ಅದೇ ಗೆಣಸಿನ ಹಿಟ್ಟು. ಈ ದ್ವೀಪದ ಆಕಾರ ಗೆಣಸಿನಂತಿದೆ ಅಂತ ತೈವಾನಿಗರು ತಮ್ಮನ್ನು ತಾವೇ ಗೆಣಸಿನ ಮಕ್ಕಳು ಅಂತ ಕರೆದುಕೊಳ್ಳುವುದುಂಟು. ಬಡತನದ ಕಾಲದಲ್ಲಿ ಅನ್ನಕ್ಕೆ ಗೆಣಸು ಬೆರೆಸಿ ತಿಂದ ನೆನಪೂ ಅದರಲ್ಲಿದೆ.

ಅಂದರೆ ಹೆಸರಿನಲ್ಲಿ ಸಿಂಪಿ ಮೊದಲು ಬಂದರೂ ಬಟ್ಟಲಿಗೆ ಅದು ಕೊನೆಗೆ ಬರುವ ಅತಿಥಿ. ಬೆಳಗಿನಿಂದ ಬೆಂಕಿಯ ಮೇಲೆ ಕೂತು ಕಾಯುವುದು ದಾರ. ನನಗೆ ಬಹಳ ದಿನ ತಲೆ ಕೊರೆದದ್ದು ಇದೇ. ಗೋಧಿ ಹಿಟ್ಟಿನ, ಕೂದಲೆಳೆಯಂಥ ಶಾವಿಗೆ ತಾಸುಗಟ್ಟಲೆ ಕುದಿಯುವ ಗಂಜಿಯಲ್ಲಿ ಕರಗಿ ಅಂಟಾಗದೆ ಹೇಗೆ ಉಳಿಯುತ್ತದೆ?

ಶಾವಿಗೆಯ ಬಗ್ಗೆ ನನಗೆ ಅಲ್ಪಸ್ವಲ್ಪ ಗೊತ್ತು. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಒಬ್ಬರ ಮನೆಯಾದ ಮೇಲೆ ಒಬ್ಬರ ಮನೆಗೆ ಸೇರಿ ಶಾವಿಗೆ ಹೊಸೆಯುತ್ತಿದ್ದರು. ಇಳಿಜಾರು ಮಣೆಯ ಮೇಲೆ ಒಬ್ಬಳು ಕಾಲು ಇಳಿಬಿಟ್ಟು ಕೂತು ಗೋಧಿ ಕಣಕವನ್ನು ಅಂಗೈಯಲ್ಲಿ ಉಜ್ಜುತ್ತ ಎಳೆ ಬಿಡುತ್ತಿದ್ದಳು, ಇನ್ನೊಬ್ಬಳು ಕೆಳಗೆ ಹಿಡಿದು, ಎರಡು ಹೊರಸಿನ ನಡುವೆ ಇಟ್ಟ ಕೋಲಿಗೆ ಹಾಕುತ್ತಿದ್ದಳು. ನಮ್ಮ ಕೆಲಸ ಕಾಗೆ ಓಡಿಸುವುದು. ಕಣ್ಣು ತಪ್ಪಿಸಿ ಹಸಿ ಎಳೆ ತಿನ್ನುವುದೂ ಇತ್ತು, ಅದನ್ನು ಯಾರೂ ಕೆಲಸ ಅಂತ ಎಣಿಸಲಿಲ್ಲ. ಬೀಗರು ಬಂದರೆ ಆ ಶಾವಿಗೆ ಕುದಿಸಿ ಬಸಿದು, ಹಾಲು, ಸಕ್ಕರೆ, ತುಪ್ಪ. ಅಜ್ಜಿಯ ಕಟ್ಟಪ್ಪಣೆ ಒಂದೇ: ಒಂದು ಕುದಿ ಬಂದ ಕೂಡಲೇ ಇಳಿಸಿ ಬಸಿ. ಮಾತಾಡುತ್ತ ನಿಂತರೆ ಮುದ್ದೆ.

ಹೋದ ವರ್ಷ ಒಂದು ಭಾನುವಾರ ಲೂಗಾಂಗಿಗೆ ಹೋಗಿದ್ದೆ. ಪಶ್ಚಿಮ ಕರಾವಳಿಯ ಹಳೆಯ ಬಂದರು. ‘ಮೊದಲು ತೈನಾನ್, ಎರಡನೆಯದು ಲೂಗಾಂಗ್, ಮೂರನೆಯದು ಮೋಂಗಾ’ ಅಂತ ಹಳೆಯ ದೊಡ್ಡ ಊರುಗಳನ್ನು ಎಣಿಸುವ ಗಾದೆಯೇ ಇದೆ. ಈಗ ಹೂಳು ತುಂಬಿ ಹಡಗೂ ಇಲ್ಲ, ಬಂದರೂ ಇಲ್ಲ. ಪಕ್ಕದ ಫೂಶಿಂಗ್ ಭಾಗದಲ್ಲಿ ಇನ್ನೂ ಕೈಯಲ್ಲಿ ಮೀ-ಸ್ವಾ ಎಳೆಯುವ ಮನೆಗಳಿವೆ. ಒಂದು ಮನೆಯ ಅಂಗಳದ ಬೇಲಿಯ ಹೊರಗೆ ನಿಂತು ನೋಡಿದೆ. ಹಿಟ್ಟು, ನೀರು, ಉಪ್ಪು, ಇಷ್ಟೇ. ಉಪ್ಪು ಮಾತ್ರ ಧಾರಾಳ, ಕಣಕಕ್ಕೆ ಜಿಗುಟು ಬರುವುದು ಅದರಿಂದ. ಕಣಕವನ್ನು ಹಗ್ಗದಂತೆ ಹೊಸೆದು, ಎರಡು ಕೋಲುಗಳಿಗೆ ಎಂಟರ ಆಕಾರದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ನೆನೆಯಲು ಬಿಟ್ಟು, ಆಮೇಲೆ ಬಿಸಿಲಿಗೆ ತರುತ್ತಾರೆ. ಒಂದು ಕೋಲು ಚೌಕಟ್ಟಿಗೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ಗಂಡಸು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋದ. ಮೊಳದಷ್ಟಿದ್ದದ್ದು ಅವನು ನಿಂತಾಗ ನಾಲ್ಕೈದು ಮೀಟರ್ ಆಗಿತ್ತು. ನಡುವೆ ಒಮ್ಮೆ ಕೈಯಿಂದ ಮೆಲ್ಲಗೆ ಕುಲುಕಿದ, ತೊಟ್ಟಿಲು ತೂಗುವಷ್ಟು. ಅಂಗಳದ ತುಂಬ ಬಿಳಿ ಪರದೆ ಕಟ್ಟಿದಂತಾಯಿತು. ಅಷ್ಟು ಎಳೆಯಲ್ಲಿ ಒಂದೂ ಕಡಿಯಲಿಲ್ಲ. ನಮ್ಮೂರಿನ ಮಣೆಯಲ್ಲಿ ದಿನಕ್ಕೆ ಹತ್ತು ಸಲ ಕಡಿಯುತ್ತಿತ್ತು. ಉಪ್ಪಿನ ಕೈವಾಡ ಅಂತ ಈಗ ಅನಿಸುತ್ತದೆ.

ಅದು ಬಿಳಿ ಮೀ-ಸ್ವಾ. ಹುಟ್ಟುಹಬ್ಬಕ್ಕೆ ತಿನ್ನುವುದು ಅದು. ಎಳೆ ಉದ್ದವಿದ್ದಷ್ಟು ಆಯುಷ್ಯ ಉದ್ದ, ಅದಕ್ಕೆ ಕತ್ತರಿಸಬಾರದು. ಯಾರಿಗಾದರೂ ಕೆಟ್ಟ ಗಳಿಗೆ ಬಂದು ಹೋದರೆ ಹಂದಿ ಕಾಲಿನ ಜೊತೆ ಮೀ-ಸ್ವಾ ಬೇಯಿಸಿ ತಿನ್ನಿಸಿ ದೋಷ ಕಳೆಯುತ್ತಾರೆ. ಬಿಳಿಯದು ಒಂದೆರಡು ನಿಮಿಷದಲ್ಲಿ ಬೇಯುತ್ತದೆ, ಕೊಳಗದಲ್ಲಿ ಬಿಟ್ಟರೆ ಅಜ್ಜಿ ಹೇಳಿದ ಗತಿಯೇ. ಸಿಂಪಿ ಅಂಬಲಿಗೆ ಹಾಕುವುದು ಕೆಂಪು ಮೀ-ಸ್ವಾ. ಅದೇನು ಬೇರೆ ಹಿಟ್ಟಲ್ಲ. ಇದೇ ಬಿಳಿ ದಾರವನ್ನು ಒಣಗಿಸಿ ಆದಮೇಲೆ ತಾಸುಗಟ್ಟಲೆ ಹಬೆಯಲ್ಲಿ ಕಾಯಿಸುತ್ತಾರೆ. ಹಿಟ್ಟಿನ ಸಕ್ಕರೆ ಮತ್ತು ಪ್ರೋಟೀನು ಬಿಸಿಗೆ ಕೂಡಿ ಕಂದಾಗುತ್ತವೆ, ರೊಟ್ಟಿಯ ಮೇಲೆ ಕಂದು ಚುಕ್ಕೆ ಬೀಳುತ್ತದಲ್ಲ, ಅದೇ ಕ್ರಿಯೆ. ಬಣ್ಣದ ಜೊತೆ ಎಳೆಗೆ ಒಂದು ಹಟವೂ ಬರುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗುತ್ತದೆಯೇ ಹೊರತು ಕರಗುವುದಿಲ್ಲ. ಅಂಗಡಿಯವರು ಅದನ್ನು ಕತ್ತರಿಯಿಂದ ಕಚಕಚ ಕತ್ತರಿಸಿ ಕೊಳಗಕ್ಕೆ ಹಾಕುತ್ತಾರೆ. ಆಯುಷ್ಯದ ಭಯ ಬಿಳಿಯದಕ್ಕೆ ಮಾತ್ರ.

ಇದನ್ನೆಲ್ಲ ನಾನು ಮಹಾ ದೊಡ್ಡ ಶೋಧ ಮಾಡಿದವನಂತೆ ಗುಡಿಯ ಅಂಗಳದಲ್ಲಿ ಅವ್ವನಿಗೆ ವಿವರಿಸಿದೆ. ನನ್ನ ಕೆಲಸವೂ ಅಂಥದ್ದೇ, ಸಿಲಿಕಾನ್ ಬಿಲ್ಲೆಗಳನ್ನು ಕುಲುಮೆಯಲ್ಲಿ ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿ ಇಡಬೇಕು ಅಂತ ನೋಡಿಕೊಳ್ಳುವುದು. ಅವ್ವ ಪೂರ್ತಿ ಕೇಳಿ, “ಅದರಾಗೇನದ? ಪಾಯಸಕ್ಕ ಶಾವಿಗಿ ಹುರಿಯೂದಿಲ್ಲೇನು? ಹಸೇದು ಹಾಕಿದ್ರ ಕರಗತದ, ಹುರಿದು ಹಾಕಿದ್ರ ನಿಂದರತದ” ಅಂದಳು. ನಾನು ಬಾಯಿ ಮುಚ್ಚಿಕೊಂಡೆ. ನೀರಿಗೆ ಇಳಿಯುವ ಮುಂಚೆ ಬೆಂಕಿ ಕಂಡ ಎಳೆ ನೀರಿನಲ್ಲಿ ತಡೆಯುತ್ತದೆ. ಅವಳು ತುಪ್ಪದಲ್ಲಿ ಐದು ನಿಮಿಷ ಮಾಡುವುದನ್ನು ಇವರು ಹಬೆಯಲ್ಲಿ ಅರ್ಧ ದಿನ ಮಾಡುತ್ತಾರೆ.

ಸಿಂಪಿಯ ಕಥೆ ಬೇರೆ. ಲೂಗಾಂಗಿನಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ವಾಂಗ್‌ಗೋಂಗ್ ಅಂತ ಊರಿದೆ. ಇಳಿತ ಬಂದಾಗ ಸಮುದ್ರ ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿದು ಕೆಸರು ಬಯಲಾಗುತ್ತದೆ, ಅದರಲ್ಲಿ ಸಾಲುಸಾಲು ಬಿದಿರು ಗೂಟ. ಹಳೆಯ ಚಿಪ್ಪುಗಳಿಗೆ ತೂತು ಹಾಕಿ ಹಗ್ಗಕ್ಕೆ ಪೋಣಿಸಿ ಆ ಗೂಟಗಳಿಗೆ ಕಟ್ಟುತ್ತಾರೆ. ನೀರಿನಲ್ಲಿ ತೇಲುವ ಸಿಂಪಿ ಮರಿಗಳು ಚಿಪ್ಪಿಗೆ ಅಂಟಿಕೊಂಡು ಬೆಳೆಯುತ್ತವೆ. ಈ ಕಡೆ ದಿನಕ್ಕೆ ಹಲವು ತಾಸು ಅವು ನೀರಿಲ್ಲದೆ ಬಿಸಿಲಿನಲ್ಲಿ ಬಾಯಿ ಮುಚ್ಚಿ ಕೂರಬೇಕು, ತಿನ್ನುವ ಹೊತ್ತು ಕಡಿಮೆ. ಅದಕ್ಕೇ ಗಾತ್ರ ಸಣ್ಣದು, ಮಾಂಸ ಬಿಗಿ. ‘ಮುತ್ತಿನ ಸಿಂಪಿ’ ಅಂತ ಮಾರುತ್ತಾರೆ. ಇನ್ನೂ ದಕ್ಷಿಣಕ್ಕೆ, ಜಿಯಾಯಿಯ ಡೋಂಗ್‌ಶಿ ಕಡೆ, ತೇಲುವ ಬಿದಿರು ತಟ್ಟಿಗಳಿಗೆ ಕಟ್ಟಿ ಆಳದಲ್ಲಿ ಬೆಳೆಸುತ್ತಾರೆ, ಅವು ದಪ್ಪ. ವಾಂಗ್‌ಗೋಂಗ್ ಸುತ್ತಮುತ್ತ ಕೆಸರಿನೊಳಗಿಂದ ಸಿಂಪಿ ಹೊತ್ತು ತರಲು ಎತ್ತಿನ ಗಾಡಿ ಇದ್ದವು, ಸಮುದ್ರದ ಎತ್ತು ಅನ್ನುತ್ತಾರೆ. ಈಗ ಹೆಚ್ಚಿನವರದು ಮೋಟಾರು ಗಾಡಿ. ಉಳಿದಿರುವ ಕೆಲವೇ ಎತ್ತುಗಳು ಪ್ರವಾಸಿಗರನ್ನು ಹೊತ್ತು ಸಮುದ್ರಕ್ಕೆ ಹೋಗಿ ಬರುತ್ತವೆ. ಎರೆಮಣ್ಣಿನಲ್ಲಿ ಹೂತ ಗಾಲಿ ನೋಡಿ ಬೆಳೆದ ನನಗೆ ಆ ಎತ್ತು ಉಪ್ಪುನೀರಿನಲ್ಲಿ ಮೊಣಕಾಲವರೆಗೆ ಇಳಿದು ಸುಮ್ಮನೆ ನಡೆಯುವುದನ್ನು ಕಂಡು ಒಂಥರಾ ಆಯಿತು.

ರಸ್ತೆ ಬದಿಯ ತಗಡಿನ ಚಪ್ಪರದಡಿ ಹೆಂಗಸರು ಸಿಂಪಿ ಬಿಡಿಸುತ್ತಿದ್ದರು. ಮೊಂಡು ಚಾಕುವಿನ ತುದಿ ಚಿಪ್ಪಿನ ಸಂದಿಗೆ ಒತ್ತಿ, ಮಣಿಕಟ್ಟಿನ ಒಂದು ತಿರುವು, ಹುಳ ಬಟ್ಟಲಿಗೆ, ಚಿಪ್ಪು ಹಿಂದಕ್ಕೆ. ಮಾತು ನಿಲ್ಲುವುದಿಲ್ಲ, ಕಣ್ಣು ಕೈಯನ್ನು ನೋಡುವುದಿಲ್ಲ. ಕೂಲಿ ತೂಕದ ಲೆಕ್ಕ, ಇಲ್ಲಿನ ಜಿನ್ ಅಂದರೆ 600 ಗ್ರಾಂ. ಹೆಚ್ಚಿನವರು ನನ್ನ ಅವ್ವನ ವಯಸ್ಸಿನವರು, ಬೆರಳ ತುದಿಗೆಲ್ಲ ಪಟ್ಟಿ. ಐದು ಸಿಂಪಿಗೆ ಕೊಸರಾಡುವ ಗಿರಾಕಿಗಳನ್ನು, ನನ್ನನ್ನೂ ಸೇರಿಸಿ, ಒಂದು ಬೆಳಿಗ್ಗೆ ಅಲ್ಲಿ ಕೂರಿಸಬೇಕು.

1986ರ ಜನವರಿಯಲ್ಲಿ ತೈನಾನಿನ ದಕ್ಷಿಣಕ್ಕೆ, ಎರ್‌ರೆನ್ ನದಿ ಸಮುದ್ರ ಸೇರುವಲ್ಲಿ, ಸಿಂಪಿಗಳು ಹಸಿರಾದವು. ಚಿಪ್ಪಲ್ಲ, ಒಳಗಿನ ಮಾಂಸವೇ. ಹೊರದೇಶಗಳಿಂದ ತಂದ ಗುಜರಿ ತಂತಿ, ಹಳೆಯ ಯಂತ್ರ, ಸರ್ಕ್ಯೂಟ್ ಹಲಗೆಗಳನ್ನು ನದಿ ದಂಡೆಯಲ್ಲಿ ಸುಟ್ಟು, ಆಮ್ಲದಲ್ಲಿ ತೊಳೆದು ಲೋಹ ತೆಗೆಯುತ್ತಿದ್ದರು. ತೊಳೆದ ನೀರು ಹೊಳೆಗೆ. ಸಿಂಪಿ ದಿನವಿಡೀ ನೀರು ಸೋಸಿ ಬದುಕುವ ಪ್ರಾಣಿ, ಸೋಸಿದ ತಾಮ್ರ ಮೈಯಲ್ಲೇ ಉಳಿಯಿತು. ಇಡೀ ದೇಶ ಸಿಂಪಿ ಮುಟ್ಟುವುದನ್ನು ಬಿಟ್ಟಿತು, ತಪ್ಪೇ ಮಾಡದ ಬೇರೆ ಕರಾವಳಿಯ ಬೆಳೆಗಾರರದೂ ಮಾರಾಟವಾಗಲಿಲ್ಲ. ಲಾವ್‌ಬಾನ್‌ನ್ಯಾಂಗ್‌ಗೆ ಆಗ ಹದಿಹರೆಯ, ಗಾಡಿ ಅವಳ ಅಪ್ಪನದು. ಆ ಚಳಿಗಾಲ ಬರೀ ಕರುಳು ಹಾಕಿ ಮಾರಿದೆವು ಅಂದಳು. ನಾನು ಅನ್ನ ತಿನ್ನುವುದು ಎಲೆಕ್ಟ್ರಾನಿಕ್ಸಿನಿಂದಲೇ. ಈ ಮಾತು ಕೇಳುವಾಗ ಕೈಯಲ್ಲಿ ಬಟ್ಟಲಿತ್ತು, ಬೇರೇನು ಹೇಳಲೂ ತೋಚಲಿಲ್ಲ.

ಕರುಳು ಅಂದೆ. ಮಸಾಲೆಯಲ್ಲಿ ಬೇಯಿಸಿದ ಹಂದಿಯ ದೊಡ್ಡ ಕರುಳು, ಉಂಗುರ ಉಂಗುರವಾಗಿ ಹೆಚ್ಚಿದ್ದು. ಬಹಳ ಕಡೆ ಸಿಂಪಿಯ ಜೊತೆ ಅದೂ ಇರುತ್ತದೆ, ಕೆಲವು ಕಡೆ ಅದೊಂದೇ. ತೈಪೆಯ ಶಿಮೆನ್‌ಡಿಂಗ್‌ನಲ್ಲಿ 1975ರಲ್ಲಿ ಶುರುವಾದ ‘ಅ-ಜೋಂಗ್’ ಅಂಗಡಿ ಇಡೀ ದೇಶಕ್ಕೆ ಪ್ರಸಿದ್ಧ. ಅಲ್ಲಿ ಸಿಂಪಿಯೂ ಇಲ್ಲ, ಕುರ್ಚಿಯೂ ಇಲ್ಲ. ರಸ್ತೆಯಲ್ಲಿ ನಿಂತು ಬಟ್ಟಲು ಹಿಡಿದು ಊದಿಕೊಂಡು ತಿನ್ನುವ ಜನ. ಸಿಂಪಿ ಇಲ್ಲದಿದ್ದರೆ ನಡೆಯುತ್ತದೆ, ಕರುಳು ಇಲ್ಲದಿದ್ದರೂ ನಡೆಯುತ್ತದೆ, ದಾರ ಇಲ್ಲದಿದ್ದರೆ ಮಾತ್ರ ಅಂಗಡಿ ಬಾಗಿಲು ಹಾಕಬೇಕು. ನಿಂತು ತಿನ್ನುವುದು ನನಗೆ ಒಗ್ಗಲಿಲ್ಲ. ರುಚಿಯೂ ಮೀನಿನ ಕಡೆ ಸ್ವಲ್ಪ ಹೆಚ್ಚೇ ವಾಲಿದೆ ಅನಿಸಿತು. ತೈಪೆಯವರ ಮುಂದೆ ಇದನ್ನು ಹೇಳುವುದಿಲ್ಲ.

ಆ ಮೀನಿನ ರುಚಿ ಜಪಾನಿನಿಂದ ಬಂದದ್ದು. 1895ರಿಂದ 1945ರವರೆಗೆ ಜಪಾನಿನವರು ಇಲ್ಲಿ ಆಳಿದರು. ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿ ಕೊರಡಿನಂತಾದ ಮೀನನ್ನು ತೋಪಡಾ ಹೊಡೆದಂತೆ ತೆಳ್ಳಗೆ ಹೆರೆದು ಸಾರಿಗೆ ಹಾಕುವುದು ಅವರ ಪದ್ಧತಿ. ತೈವಾನಿಗರು ಅದಕ್ಕೆ ಕಟ್ಟಿಗೆ ಮೀನು ಅಂತ ಹೆಸರಿಟ್ಟು ತಮ್ಮದು ಮಾಡಿಕೊಂಡರು. ದಾರ ಫುಜಿಯನ್ನಿನ ವಲಸಿಗರದು, ಗೋಧಿ ಈ ಅಕ್ಕಿಯ ದ್ವೀಪಕ್ಕೆ ಬಹುಪಾಲು ಹೊರಗಿನದೇ. 1951ರಿಂದ 1965ರವರೆಗೆ ಅಮೆರಿಕದ ನೆರವಿನ ಜೊತೆ ಹಿಟ್ಟಿನ ಚೀಲಗಳು ಬಂದವು. ಖಾಲಿ ಚೀಲಗಳಲ್ಲಿ ಮಕ್ಕಳಿಗೆ ಚಡ್ಡಿ ಹೊಲಿದರು, ಕುಂಡೆಯ ಮೇಲೆ ಎರಡು ದೇಶ ಕೈ ಕುಲುಕುವ ಚಿತ್ರ. ಈ ಚಡ್ಡಿಯ ಮಾತು ಬಂದರೆ ಅರವತ್ತು ದಾಟಿದ ಯಾವ ತೈವಾನಿಗನೂ ನಗದೆ ಇರುವುದಿಲ್ಲ.

ಅವ್ವನಿಗೆ ಕೊಳಗದ್ದು ತಿನ್ನಿಸುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಮನೆಯೊಳಗೆ ಮೊಟ್ಟೆಯೂ ಬಂದದ್ದಿಲ್ಲ. ನಾನು ತಿನ್ನುವುದು ಅವಳಿಗೆ ಗೊತ್ತು, ಕೇಳುವುದಿಲ್ಲ. ಆದರೆ ಹೆಸರಿಟ್ಟ ಮೇಲೆ ರುಚಿ ನೋಡುವ ಆಸೆ ಹುಟ್ಟಿತ್ತು. ಎರಡು ಓಣಿ ದಾಟಿದರೆ ಒಂದು ಸಸ್ಯಾಹಾರಿ ಅಂಗಡಿ. ಇಲ್ಲಿ ಸಸ್ಯಾಹಾರಿ ಅಂಗಡಿಯ ಫಲಕದಲ್ಲಿ ಸ್ವಸ್ತಿಕದಂಥ ಬೌದ್ಧ ಚಿಹ್ನೆ ಇರುತ್ತದೆ. ಅವ್ವ ಅದನ್ನು ನೋಡಿ ಚಪ್ಪಲಿ ಬಿಡಲು ಹೋದಳು. ಚಾಂದ್ರಮಾನದ ಒಂದನೇ ಮತ್ತು ಹದಿನೈದನೇ ತಾರೀಖು ಬಹಳ ಜನ ಸಸ್ಯಾಹಾರ ಮಾಡುತ್ತಾರೆ, ಅಂದು ಹುಣ್ಣಿಮೆಯಾದ್ದರಿಂದ ಸಾಲು ಇತ್ತು. ಅಲ್ಲಿನ ಮೀ-ಸ್ವಾದಲ್ಲಿ ಸಿಂಪಿಯ ಬದಲು ಅಣಬೆ, ಕಳಲೆ, ಮರಕಿವಿ ಅನ್ನುವ ಕಪ್ಪು ಅಣಬೆ. ಕರುಳಿನ ಬದಲು ಗೋಧಿಯ ಅಂಟಿನಿಂದ ಮಾಡಿದ ಉಂಗುರಗಳು. ಅದು ಏನನ್ನು ನಕಲು ಮಾಡುತ್ತಿದೆ ಅಂತ ನಾನು ಅವ್ವನಿಗೆ ಹೇಳಲಿಲ್ಲ.

ಎರಡು ಚಮಚ ತಿಂದು ತಲೆ ಎತ್ತಿದಳು. “ಛಲೋ ಅದ. ಬಳ್ಳೊಳ್ಳಿ ಹಾಕಿಲ್ಲಲ್ಲೋ?”

ಬೌದ್ಧರ ಸಸ್ಯಾಹಾರದಲ್ಲಿ ಬೆಳ್ಳುಳ್ಳಿ, ಈರುಳ್ಳಿ ನಡೆಯುವುದಿಲ್ಲ ಅಂತ ಹೇಳಿದೆ. “ನಮಗಿಂತ ಮಡಿ ಮಂದಿ ಅದಾರ ಬಿಡು” ಅಂದು, ಚೀಲದಿಂದ ಮನೆಯ ಶೇಂಗಾ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿಕೊಂಡಳು. ಬೆಳ್ಳುಳ್ಳಿ ಘಮ ಎದ್ದಿತು. ಅಂಗಡಿಯವನು ಈ ಕಡೆ ನೋಡಿ, ಹಿರಿಯಳೆಂದು ಸುಮ್ಮನಾದ. ನಾನು ಬೇಗಬೇಗ ತಿಂದೆ.

ಅವ್ವ ನಿಧಾನ. ಮುಗಿಯುತ್ತ ಬಂದಾಗ ತಳದಲ್ಲಿ ಉಳಿದದ್ದು ನೀರಾಗಿತ್ತು. ಇದು ಪ್ರತಿ ಬಟ್ಟಲಿನಲ್ಲೂ ಆಗುತ್ತದೆ. ಅಂಗಡಿಯವರು ಕೊನೆಗೆ ಮೋಸ ಮಾಡುತ್ತಾರೆ ಅಂತ ಮೊದಲ ವರ್ಷ ನಾನು ಅನುಮಾನಪಟ್ಟಿದ್ದೆ, ಆಮೇಲೆ ಓದಿ ತಿಳಿದದ್ದು: ಚಮಚದ ಜೊತೆ ಹೋಗುವ ಎಂಜಲಿನ ಕಿಣ್ವ ಗೆಣಸಿನ ಹಿಟ್ಟಿನ ಮಂದವನ್ನು ಒಡೆಯುತ್ತದೆ. ಈ ಸಲ ವಿವರಿಸಲು ಹೋಗಲಿಲ್ಲ. ಅವಳೇ ಬಟ್ಟಲು ಓರೆ ಮಾಡಿ ನೋಡಿ, “ಎಂಜಲ ಹತ್ತಿದ್ರ ಅಂಬಲಿ ನೀರ ಒಡದಂಗ” ಅಂದು ಎತ್ತಿ ಕುಡಿದಳು.

ವಾಪಸು ಹೋಗುವಾಗ ಕೆಂಪು ಮೀ-ಸ್ವಾದ ಎರಡು ಕಟ್ಟು ಬೇಕೆಂದಳು. ಕೊಡಿಸಿದೆ. ಊರು ಮುಟ್ಟಿ ವಾರವಾದ ಮೇಲೆ ಫೋನು ಬಂತು. ಅತ್ತಿಯವರು, ಸೋದರಮಾವ ಎಲ್ಲ ಬಂದಿದ್ದರಂತೆ. ವಿದೇಶದ ಶಾವಿಗೆ ಅಂತ ಹಾಲು, ಬೆಲ್ಲ, ಏಲಕ್ಕಿ ಹಾಕಿ ದೊಡ್ಡ ಪಾತ್ರೆ ತುಂಬ ಪಾಯಸ ಇಟ್ಟಿದ್ದಳಂತೆ.

“ಅಲ್ಲೋ ತಮ್ಮಾ, ಅಷ್ಟೆಲ್ಲಾ ಪುರಾಣ ಹೇಳಿದಿ, ಅದರಾಗ ಅಷ್ಟ ಉಪ್ಪದ ಅಂತ ಒಂದ ಮಾತ ಹೇಳಬಾರದೇನು? ಎರಡ ಲೀಟರ ಹಾಲು ಹೋತು.”

ಉಳಿದ ಕಟ್ಟನ್ನು ಏನು ಮಾಡಿದೆ ಅಂತ ಕೇಳಿದೆ.

“ಬಸಿದು ಒಗ್ಗರಣಿ ಕೊಟ್ಟೆ. ಬಳ್ಳೊಳ್ಳಿ ಹಾಕಿ.”